ಉಸಿರು ಮಾವನ ಕೋಟು

ಉಸಿರು ಮಾವನ ಬಗ್ಗೆ ಯಾರಾದರೂ ನನ್ನೆದುರು ಹಗುರವಾಗಿ ಮಾತಾಡಿದರೆ ಅವರ ಜನ್ಮ ಜಾಲಾಡಿಬಿಡುತ್ತೇನೆ. ಹೊಗಳಿದರೂ ನನಗೆ ಸಿಟ್ಟು ಬರುತ್ತದೆ, ಅದು ಬೇರೆ ಮಾತು. ಆ ಮನುಷ್ಯನ ದೆಸೆಯಿಂದ ನಾನು ಪಟ್ಟ ಭಯ ನನ್ನ ಶತ್ರುವಿಗೂ ಬೇಡ.

ಅವರು ನಮ್ಮ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದವರು. ಬೆಳಿಗ್ಗೆಯಿಂದ ಸಂಜೆವರೆಗೆ "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಬಿಡಿ" ಅಂತ ಒಂದೇ ರಾಗ. ಹಾಗಾಗಿ ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವಳವರೆಗೆ ಎಲ್ಲರಿಗೂ ಉಸಿರು ಮಾವ. ಅವರ ಕೋಣೆಯ ಗೋಡೆಗೆ ಈಚೆ ಕಡೆ ನನ್ನ ಕೋಣೆ. ರೋಗಿಗಳ ಹಳೆಯ ಫೈಲುಗಳನ್ನು ಕಾಯುವುದು ನನ್ನ ಕೆಲಸ. ಆ ಗೋಡೆಗೆ ಒತ್ತಿಕೊಂಡಂತೆ ಒಂದು ಉದ್ದನೆ ಮೇಜು. ಮಧ್ಯಾಹ್ನದವರೆಗೂ ಅದರ ಮುಂದೆ ನಿಂತು ಫೈಲು ವಿಂಗಡಿಸುವುದು, ಆಮೇಲೆ ಅಲ್ಲೇ ಕೂತು ಬರೆಯುವುದು. ಆರು ವರ್ಷ ಇದೇ ಆಯಿತು. ಗೋಡೆಯಾಚೆಯಿಂದ ಮಾವ "ಹಿಡ್ಕೊಳ್ಳಿ" ಅಂದಾಗ ಎಷ್ಟೋ ಸಲ ನಾನೂ ಪೆದ್ದಿಯ ಹಾಗೆ ಉಸಿರು ಹಿಡಿದು ನಿಂತಿದ್ದೇನೆ.

ಮಾವನಿಗೆ ತಮ್ಮ ಕಸುಬಿನ ಚರಿತ್ರೆ ಹೇಳುವ ಹುಚ್ಚು. ಊಟದ ಡಬ್ಬಿ ಬಿಚ್ಚಿದರೆ ಸಾಕು, ಶುರು. ಮೊದಮೊದಲು ಈ ಕಿರಣವನ್ನು ಜನ ಆಟದ ಸಾಮಾನು ಅಂದುಕೊಂಡಿದ್ದರಂತೆ. ಚಪ್ಪಲಿ ಅಂಗಡಿಯಲ್ಲೇ ಒಂದು ಯಂತ್ರ ಇಟ್ಟು, ಮಕ್ಕಳ ಕಾಲು ಒಳಗಿಟ್ಟು, ಹೊಸ ಬೂಟಿನಲ್ಲಿ ಬೆರಳಿನ ಮೂಳೆ ಹೇಗೆ ಕೂತಿದೆ ಅಂತ ಅಪ್ಪ ಅಮ್ಮನಿಗೆ ತೋರಿಸುತ್ತಿದ್ದರಂತೆ. "ಮಕ್ಕಳು ಇನ್ನೊಂದ್ಸಲ, ಇನ್ನೊಂದ್ಸಲ ಅಂತ ಹಟ ಮಾಡ್ತಿದ್ವಂತೆ ಮಗಳೇ," ಅನ್ನುವರು. ಅವರಿಗೆ ಕೆಲಸ ಕಲಿಸಿದ ಗುರುಗಳು ಇನ್ನೂ ವಿಚಿತ್ರ. ಬೆಳಿಗ್ಗೆ ಯಂತ್ರ ಸರಿ ಇದೆಯೋ ಇಲ್ಲವೋ ನೋಡಲು ತಮ್ಮ ಎಡಗೈಯನ್ನೇ ಕಿರಣಕ್ಕೆ ಒಡ್ಡುತ್ತಿದ್ದರಂತೆ. ಮೂಳೆ ಸ್ಪಷ್ಟವಾಗಿ ಕಂಡರೆ ಯಂತ್ರ ಸರಿ ಅಂತ ಲೆಕ್ಕ. ಇಪ್ಪತ್ತೈದು ವರ್ಷ ಹಾಗೆ ಮಾಡಿದರು. ಆಮೇಲೆ ಒಂದೊಂದೇ ಬೆರಳು ಕತ್ತರಿಸಿ ತೆಗೆಯಬೇಕಾಯಿತು.

"ಅವರಿಗೇನು ಬುದ್ಧಿ ಇರ್ಲಿಲ್ವಾ?" ಅಂತ ನಾನು ಕೇಳಿದ್ದೆ.

"ಬುದ್ಧಿ ಬೇಕಾದಷ್ಟಿತ್ತು. ನೋವಿರ್ಲಿಲ್ಲ. ಮುಟ್ಟಿದ್ರೆ ಸುಡಲ್ಲ, ಕಣ್ಣಿಗೆ ಕಾಣಲ್ಲ, ವಾಸನೆ ಇಲ್ಲ. ಅಂಥದ್ದಕ್ಕೆ ಯಾರು ಹೆದರ್ತಾರೆ ಹೇಳು?"

ಇಷ್ಟೆಲ್ಲ ಗೊತ್ತಿದ್ದ ಮನುಷ್ಯ ಮಾಡುತ್ತಿದ್ದ ಘನಂದಾರಿ ಕೆಲಸ ಕೇಳಿ. ಎಕ್ಸ್‌ರೇ ಕೋಣೆಯಲ್ಲಿರುವವರು ಎದೆಗೆ ಒಂದು ಬ್ಯಾಡ್ಜು ಸಿಕ್ಕಿಸಿಕೊಳ್ಳಬೇಕು. ಮೈಮೇಲೆ ಎಷ್ಟು ಕಿರಣ ಬಿತ್ತು ಅನ್ನುವುದನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿದರೆ ಲೆಕ್ಕ ಕಾಗದದಲ್ಲಿ ಬರುತ್ತದೆ. ಮಾವ ಅದನ್ನು ಇಪ್ಪತ್ತು ವರ್ಷ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದರು. ಪ್ರತಿ ಸಲವೂ ಸೊನ್ನೆ. "ಜಾಸ್ತಿ ಬಂದ್ರೆ ಈ ಕೆಲಸದಿಂದ ಎಬ್ಬಿಸಿ ಎಲ್ಲೋ ಚೀಟಿ ಹರಿಯೋಕೆ ಕೂರಿಸ್ತಾರೆ. ನನಗೆ ಬೇರೆ ಏನು ಬರತ್ತೆ? ಹಳಬರೆಲ್ಲ ಹೀಗೇ ಮಾಡೋದು," ಅನ್ನುವರು. ಒಟ್ಟಿನಲ್ಲಿ ಅವರ ಡ್ರಾಯರಿನ ಆರೋಗ್ಯ ಬಹಳ ಚೆನ್ನಾಗಿತ್ತು.

ಆ ವರ್ಷ ಆಸ್ಪತ್ರೆಗೆ ಹೊಸ ಮೇಡಂ ಬಂದರು. ಮೇಲಧಿಕಾರಿ ಅಂದರೆ ಅಂಥವರು. ಬೆಳಿಗ್ಗೆ ಬಾಗಿಲಲ್ಲೇ ನಿಂತು ಕೋಟು ನೋಡುವರು, ಕೋಟಿನ ಮೇಲೆ ಬ್ಯಾಡ್ಜು ನೋಡುವರು. ಮಾವ ತೆಪ್ಪಗೆ ಸಿಕ್ಕಿಸಿಕೊಂಡರು. ಆದರೆ ಒಳಗೆ ಹೋದಮೇಲೆ ಕೋಟಿನ ಮೇಲೆ ಕಿರಣ ತಡೆಯುವ ಸೀಸದ ಏಪ್ರನ್ ಹೊದ್ದು ಬೆವರು ಸುರಿಸುವವರು ಯಾರು? ಹತ್ತು ನಿಮಿಷಕ್ಕೆ ಕೋಟು ಬಿಚ್ಚಿ, ಬ್ಯಾಡ್ಜಿನ ಸಮೇತ, ನನ್ನ ಮೇಜಿನ ಮೇಲುಗಡೆ ಗೋಡೆಯಲ್ಲಿದ್ದ ಮೊಳೆಗೆ ನೇತುಹಾಕಿ ಹೋಗುವರು. ಮೇಡಂ ಆ ಕಡೆ ಬರುವುದಿಲ್ಲ ಅಂತ ಧೈರ್ಯ. "ನನ್ನ ಕೋಣೆ ಏನು ನಿಮ್ಮನೆ ಗೂಟಾನಾ?" ಅಂತ ನಾನು ದಿನಾ ರೇಗುತ್ತಿದ್ದೆ. ಅವರು ಹಲ್ಲು ಕಿರಿಯುತ್ತಿದ್ದರು.

ಮೂರು ತಿಂಗಳಾದ ಮೇಲೆ ಒಂದು ವಾರ ಮಾವನ ರಾಗ ತಪ್ಪತೊಡಗಿತು. ಒಂದು ದಿನ "ಹಿಡ್ಕೊಳ್ಳಿ" ಅಂದವರು "ಬಿಡಿ" ಅನ್ನಲೇ ಇಲ್ಲ. ಪಾಪ, ಒಳಗಿದ್ದ ಮುದುಕ ಉಸಿರು ಕಟ್ಟಿ ಕೆಮ್ಮಿ ಕೆಮ್ಮಿ ಸುಸ್ತಾದ. ಮಧ್ಯಾಹ್ನ ಮಾವ ಡಬ್ಬಿ ಬಿಚ್ಚಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಗದರಿಸಿ ಕೇಳಿದ ಮೇಲೆ ಜೇಬಿನಿಂದ ನಾಲ್ಕು ಮಡಿಕೆಯಾದ ಕಾಗದ ತೆಗೆದು ಕೊಟ್ಟರು. ಅವರ ಬ್ಯಾಡ್ಜಿನ ಮೇಲೆ ಮಿತಿಗಿಂತ ಏಳು ಪಟ್ಟು ಕಿರಣ ಬಿದ್ದಿದೆ, ಕೂಡಲೇ ಕೆಲಸ ನಿಲ್ಲಿಸಿ ರಕ್ತಪರೀಕ್ಷೆ ಮಾಡಿಸಬೇಕು, ಕಾರಣ ತಿಳಿಸಬೇಕು ಅಂತ ಬರೆದಿತ್ತು. ನಾಲ್ಕು ದಿನದಿಂದ ಅದನ್ನು ಬಚ್ಚಿಟ್ಟುಕೊಂಡು ತಿರುಗುತ್ತಿದ್ದರು.

"ಗುರುಗಳ ಕೈ ಕಣ್ಮುಂದೆ ಬರತ್ತೆ ಮಗಳೇ," ಅಂದರು. ಐವತ್ತೇಳು ವರ್ಷದ ಗಂಡಸು ನನ್ನೆದುರು ಕಣ್ಣೀರು ಹಾಕಿದರು.

ನನಗೆ ಸಂಕಟವೂ ಆಯಿತು, ನಗುವೂ ಬಂತು. "ಅಯ್ಯೋ ನಿಮ್ಮ! ಆ ಬ್ಯಾಡ್ಜು ನಿಮ್ಮ ಮೈಮೇಲೆ ಯಾವತ್ತಿತ್ತು ಮಾವ? ಜ್ವರ ಬಂದಿರೋದು ನಿಮಗಲ್ಲ, ನಿಮ್ಮ ಕೋಟಿಗೆ! ಮೂರು ತಿಂಗಳಿಂದ ಅದು ಇಲ್ಲೇ, ನನ್ನ ತಲೆ ಮೇಲೆ ನೇತಾಡ್ತಾ..."

ಇಬ್ಬರೂ ಆ ಮೊಳೆ ನೋಡಿದೆವು. ಆಮೇಲೆ ಮಾವ ನನ್ನ ಹೊಟ್ಟೆ ನೋಡಿದರು. ನನಗೆ ಆಗ ನಾಲ್ಕು ತಿಂಗಳು.

"ಆಚೆ ಬಾ," ಅಂದರು. "ಫೈಲು ಆಮೇಲೆ. ಮೊದಲು ಆಚೆ ಬಾ ತಾಯಿ."

ವರಾಂಡದ ಬೆಂಚಿನ ಮೇಲೆ ಕೂತೆವು. ಮಾವ ಹೇಳಿದರು: ಆ ಗೋಡೆಯಲ್ಲಿ ಹಿಂದೆ ಒಂದು ಕಿಟಕಿ ಇತ್ತು. ಎಂಟು ವರ್ಷದ ಕೆಳಗೆ ಹೊಸ ಯಂತ್ರ ಬಂದಾಗ ಅದನ್ನು ಮುಚ್ಚಿ, ಎದೆಯ ಎಕ್ಸ್‌ರೇಗೆ ರೋಗಿಗಳನ್ನು ನಿಲ್ಲಿಸುವ ಸ್ಟ್ಯಾಂಡನ್ನು ಅದರ ಮುಂದೆ ಕೂರಿಸಿದರು. ಮುಚ್ಚುವಾಗ ಒಳಗೆ ಸೀಸದ ತಗಡು ಹಾಕಿದ್ದಾರೆ ಅಂತ ಕಾಗದದಲ್ಲಿದೆ. "ತಗಡು ನಾನು ನೋಡಿಲ್ಲ. ಕಾಗದ ನೋಡಿದೀನಿ," ಅಂದರು.

"ಹಾಗಾದ್ರೆ ಈಗಲೇ ಮೇಡಂ ಹತ್ರ ಹೋಗೋಣ."

"ಈಗ ಹೋದ್ರೆ ಏನಂತಾರೆ? ಕೆಲಸ ಉಳಿಸ್ಕೊಳ್ಳೋಕೆ ಗೋಡೆ ಮೇಲೆ ಹಾಕ್ತಿದಾನೆ ಅಂತಾರೆ. ನಿನಗೂ ಎಷ್ಟು ಬಿದ್ದಿದೆ ಅಂತ ಗೊತ್ತಾಗಲ್ಲ. ಒಂದು ವಾರ ಕೊಡು. ಗೋಡೆ ಕೈಲೇ ಹೇಳಿಸ್ತೀನಿ."

ನನ್ನ ಮೇಜು, ಕುರ್ಚಿ ವರಾಂಡಕ್ಕೆ ಬಂತು. ಯಾರಾದರೂ ಕೇಳಿದರೆ ಹಳೆ ಕಾಗದದ ವಾಸನೆಗೆ ವಾಂತಿ ಬರುತ್ತೆ ಅಂದೆ. ಬಸುರಿ ಮಾತಿಗೆ ಯಾರು ಎದುರಾಡುತ್ತಾರೆ! ಮಾವ ಆ ಗೋಡೆಗೆ ಬೆಳಕು ಹೋಗದ ಮೂರು ಫಿಲ್ಮ್ ಪೆಟ್ಟಿಗೆಗಳನ್ನು ಪಟ್ಟಿ ಹಾಕಿ ಅಂಟಿಸಿದರು. ಒಂದು ಮೊಳೆಯ ಎತ್ತರಕ್ಕೆ, ಒಂದು ನಾನು ಕೂತಾಗ ಹೊಟ್ಟೆ ಬರುವ ಎತ್ತರಕ್ಕೆ. "ಅರ್ಧ ದಿನ ನಿಂತಿರ್ತೀನಲ್ಲ, ಅದಕ್ಕೆ?" ಅಂತ ನಾನೇ ಕೇಳಿದ್ದಕ್ಕೆ ನಡುವೆ ಮೂರನೆಯದು. ಮೂರರ ಮೇಲೂ, ಗೋಡೆ ಕಡೆಗೆ ಬರುವಂತೆ, ಬೀರುವಿನ ಒಂದೊಂದು ಉದ್ದನೆ ಕೀಲಿಕೈ. ಬಹಳ ಹಿಂದೆ ಒಬ್ಬ ವಿಜ್ಞಾನಿ ಕಪ್ಪು ಕಾಗದ ಸುತ್ತಿದ, ಫೋಟೋ ತೆಗೆಯುವ ಗಾಜಿನ ತಟ್ಟೆಯ ಮೇಲೆ ಒಂದು ಜಾತಿಯ ಕಲ್ಲು ಇಟ್ಟು ಡ್ರಾಯರಿಗೆ ಹಾಕಿದ್ದನಂತೆ. ತೊಳೆದು ನೋಡಿದರೆ ಕತ್ತಲಲ್ಲೇ ಕಲ್ಲಿನ ಅಚ್ಚು ಬಿದ್ದಿತ್ತಂತೆ. "ಕಾಣದ್ದನ್ನ ಹೀಗೇ ಹಿಡಿಯೋದು. ಕಿರಣ ಬರ್ತಿದ್ರೆ ಕೀಲಿ ನೆರಳು ಬೀಳತ್ತೆ, ಬರದಿದ್ರೆ ಏನೂ ಇರಲ್ಲ," ಅಂದರು. ಆ ಹೊತ್ತಿನಲ್ಲೂ ಚರಿತ್ರೆ ಬಿಡಲಿಲ್ಲ ಆಸಾಮಿ.

ಆ ಏಳು ದಿನ ಹೇಗೆ ಕಳೆದೆ ಅಂತ ಕೇಳಬೇಡಿ. ನನ್ನ ಗಂಡ ಬಸ್ಸಿನ ಮೆಕ್ಯಾನಿಕ್ಕು. "ಜಾಗ ಬದಲಾಯಿಸಿದ್ಯಲ್ಲ, ಮುಗೀತು ಬಿಡು," ಅಂದ. "ಮುಗಿಯೋಕೆ ಇದೇನು ನಿನ್ನ ಬಸ್ಸಿನ ಟೈರಾ?" ಅಂತ ಕೂಗಾಡಿದೆ. ದೊಡ್ಡವಳಿಗೆ ನಾಲ್ಕೂವರೆ ವರ್ಷ. ನನ್ನ ಹೊಟ್ಟೆಗೆ ಕಿವಿಯಿಟ್ಟು, "ಪಾಪು ಮಾತಾಡ್ತಿಲ್ಲ ಅಮ್ಮ," ಅನ್ನುತ್ತಿದ್ದಳು. ಇನ್ನೂ ಮುಖ ನೋಡದ ಆ ಕೂಸಿಗೆ ನಾನೇ ಕೈಯಾರೆ ಏನೋ ಮಾಡಿಬಿಟ್ಟೆ ಅನ್ನಿಸುತ್ತಿತ್ತು.

ಶನಿವಾರ ಮಧ್ಯಾಹ್ನ ರೋಗಿಗಳೆಲ್ಲ ಹೋದಮೇಲೆ ಮಾವ ನನ್ನನ್ನು ಫಿಲ್ಮ್ ತೊಳೆಯುವ ಕೋಣೆಗೆ ಕರೆದರು. ಒಳಗೆ ಒಂದು ಕೆಂಪು ಬಲ್ಬು, ಹುಳಿ ಹುಳಿ ಔಷಧಿ ವಾಸನೆ. ಮೊದಲು ಮೊಳೆಯ ಎತ್ತರದ್ದನ್ನು ದ್ರಾವಣಕ್ಕೆ ಅದ್ದಿದರು. ನಾನು ಒಂದು, ಎರಡು ಅಂತ ಎಣಿಸುತ್ತಿದ್ದೆ. ಇಪ್ಪತ್ತಕ್ಕೆಲ್ಲ ಫಿಲ್ಮ್ ಕಪ್ಪಾಗತೊಡಗಿತು. ನಡುವೆ ಕೀಲಿಕೈ ಬೆಳ್ಳಗೆ, ಹಲ್ಲು ಹಲ್ಲು ಕಾಣುವಂತೆ ಎದ್ದು ಬಂತು. ಸೀಸದ ತಗಡು ಕಾಗದದಲ್ಲಿ ಮಾತ್ರ ಇತ್ತು. ನಾನು ತೊಟ್ಟಿಯ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ.

ಕೂರುವ ಎತ್ತರದ್ದು ಹಾಕಿದರು. ಎಷ್ಟು ಹೊತ್ತಾದರೂ ಏನೂ ಬರಲಿಲ್ಲ. ಕೀಲಿಯೂ ಇಲ್ಲ, ಕಪ್ಪೂ ಇಲ್ಲ.

ಇನ್ನು ಉಳಿದದ್ದು ನಡುವಿನದು. ಅದರಲ್ಲಿ ಮೇಲರ್ಧ ಕಪ್ಪಾಯಿತು, ಕೆಳಗರ್ಧ ಹಾಗೇ ಉಳಿಯಿತು. ಅರ್ಧ ಕೀಲಿಕೈ ಕಂಡಿತು. ಎರಡರ ನಡುವೆ ಚಾಕುವಿನಲ್ಲಿ ಕೊಯ್ದ ಹಾಗೆ ಒಂದು ಗೆರೆ.

"ಹಳೆ ಕಿಟಕಿ ಕಟ್ಟೆ," ಅಂದರು ಮಾವ. "ಅದರ ಕೆಳಗೆ ಒಂದೂವರೆ ಅಡಿ ದಪ್ಪದ ಗೋಡೆ ಇದೆ. ಅದರ ಮೇಲೆ ಬರೀ ಹಲಗೆ, ಗಾರೆ."

ಅಳತೆ ಪಟ್ಟಿ ಹಿಡಿದು ನನ್ನ ಕೋಣೆಯ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಆ ಗೆರೆ ಎಳೆದರು. ನಾನು ಎದುರು ನಿಂತೆ. ಗೆರೆ ನನ್ನ ಹೊಕ್ಕುಳಿನಿಂದ ಎರಡು ಬೆರಳು ಮೇಲೆ ಬಂತು. ನಾಲ್ಕು ತಿಂಗಳ ಹೊಟ್ಟೆ ಇನ್ನೂ ಹೊಕ್ಕುಳಿನ ಕೆಳಗೇ ಇತ್ತು. ಕೂಸು ಗೆರೆ ದಾಟಿರಲಿಲ್ಲ! ಇನ್ನೊಂದೂವರೆ ತಿಂಗಳು ಹೋಗಿದ್ದರೆ ಬೆಳೆದು ಮೇಲೆ ಬಂದು ಸೀದಾ ಅದರ ಎದುರಿಗೆ ಇರುತ್ತಿತ್ತು. ನಾನು ಜೋರಾಗಿ ಅತ್ತೆ, ನಕ್ಕೆ, ಮಾವನ ಬೆನ್ನಿಗೆ ಗುದ್ದಿದೆ. "ನೀವು ನೆಟ್ಟಗೆ ಬ್ಯಾಡ್ಜು ಹಾಕ್ಕೊಂಡಿದ್ದಿದ್ರೆ ಸೊನ್ನೆ ಬಂದಿರೋದು, ನಾನು ಒಂಬತ್ತು ತಿಂಗಳೂ ಇಲ್ಲೇ ನಿಂತಿರ್ತಿದ್ದೆ! ನಿಮ್ಮ ಸೋಮಾರಿತನ ನೂರು ವರ್ಷ ಬಾಳಲಿ!"

ಮಾವ ನಗಲಿಲ್ಲ. ಆ ಪೆನ್ಸಿಲ್ ಗೆರೆಯನ್ನೇ ನೋಡುತ್ತಿದ್ದರು.

"ದೊಡ್ಡವಳು ಹೊಟ್ಟೇಲಿದ್ದಾಗ ಎಷ್ಟು ತಿಂಗಳವರೆಗೆ ಕೆಲಸಕ್ಕೆ ಬಂದೆ?"

ಹೆರಿಗೆಗೆ ನಾಲ್ಕು ದಿನ ಇರುವವರೆಗೂ ಬಂದಿದ್ದೆ. ರಜೆಯೆಲ್ಲ ಮಗು ಹುಟ್ಟಿದ ಮೇಲೆ ಬೇಕು ಅಂತ ಉಳಿಸಿಕೊಂಡಿದ್ದೆ. ಇದೇ ಮೇಜು, ಇದೇ ಗೋಡೆ. ಆ ಏಳು ದಿನವೂ ಅವಳು ಪಕ್ಕದಲ್ಲೇ ಮಲಗಿದ್ದಳು, ನಾನು ಇನ್ನೊಂದಕ್ಕೆ ಹೆದರುತ್ತಾ ಇದ್ದೆ.

"ಏನಾಗತ್ತೆ ಮಾವ ಅವಳಿಗೆ?"

"ಗೊತ್ತಿಲ್ಲ."

"ಎಲ್ಲಾ ಗೊತ್ತಿರೋ ಹಾಗೆ ಕಥೆ ಹೇಳ್ತಿದ್ರಲ್ಲ, ಈಗ ಹೇಳಿ!"

"ನಿಜವಾಗ್ಲೂ ಗೊತ್ತಿಲ್ಲ ತಾಯಿ. ಏನೂ ಆಗದೇ ಇರೋದೇ ಹೆಚ್ಚು. ಸಾವಿರಾರು ಮಕ್ಕಳನ್ನ ನೋಡಿದವರು ಇಷ್ಟು ಮಕ್ಕಳಲ್ಲಿ ಒಬ್ಬರಿಗೆ ರಕ್ತದ ಕಾಯಿಲೆ ಬರಬಹುದು ಅಂತ ಲೆಕ್ಕ ಹೇಳ್ತಾರೆ. ಆ ಒಬ್ಬರು ಯಾರು ಅಂತ ಹೇಳೋಕೆ ಯಾರ ಕೈಲೂ ಆಗಲ್ಲ. ನಾಳೆ ಏನಾದ್ರೂ ಬಂದ್ರೂ ಇದರಿಂದಲೇ ಬಂತು ಅನ್ನೋಕಾಗಲ್ಲ."

ಅವರು ಸುಳ್ಳು ಹೇಳಬಹುದಿತ್ತು. "ಏನೂ ಆಗಲ್ಲ ಹೋಗು" ಅಂದಿದ್ದರೆ ನಾನು ನಂಬುತ್ತಿದ್ದೆ. ಎಷ್ಟೋ ದಿನ ಆ ಸುಳ್ಳು ಹೇಳಲಿಲ್ಲ ಅಂತಲೇ ಅವರನ್ನು ಶಪಿಸಿದ್ದೇನೆ.

ಸೋಮವಾರ ಮೇಡಂಗೆ ಕಾಗದ ಕೊಟ್ಟರು. ಇಪ್ಪತ್ತು ವರ್ಷ ಬ್ಯಾಡ್ಜು ಹಾಕಿಲ್ಲ, ಆ ಲೆಕ್ಕವೆಲ್ಲ ಸುಳ್ಳು, ಈ ಸಲದ್ದು ನನ್ನ ಮೈಯದಲ್ಲ, ಗೋಡೆಯದು, ಅದರ ಹಿಂದೆ ಈ ಹೆಣ್ಣುಮಗಳು ಆರು ವರ್ಷ ಕೆಲಸ ಮಾಡಿದ್ದಾಳೆ, ಅವಳನ್ನೂ ಅವಳ ಮಗಳನ್ನೂ ಪ್ರತಿ ವರ್ಷ ತಪಾಸಣೆ ಮಾಡಬೇಕು ಅಂತ ಬರೆದು ಸಹಿ ಹಾಕಿದ್ದರು. ಮೂರು ಫಿಲ್ಮನ್ನೂ ಜೊತೆಗಿಟ್ಟಿದ್ದರು. ಅದೇ ದಿನ ಕೋಣೆಗೆ ಬೀಗ ಬಿತ್ತು, ತಿಂಗಳೊಳಗೆ ಗೋಡೆ ಒಡೆದು ಕಟ್ಟಿದರು. ನಿವೃತ್ತಿಗೆ ಒಂದು ವರ್ಷ ಇದ್ದ ಮಾವನನ್ನು ಕೆಲಸದಿಂದ ತೆಗೆದರು. ಹೋಗುವ ದಿನ ನನ್ನ ಮುಖ ನೋಡಲು ಅವರಿಗೆ ಆಗಲಿಲ್ಲ. ನನಗೂ ಆಗಲಿಲ್ಲ.

ಚಿಕ್ಕವನು ಹುಟ್ಟಿದ, ಗುಂಡುಕಲ್ಲಿನ ಹಾಗಿದ್ದಾನೆ. ದೊಡ್ಡವಳಿಗೆ ಈಗ ಹತ್ತು. ವರ್ಷಕ್ಕೊಮ್ಮೆ ರಕ್ತ ಕೊಡುತ್ತಾಳೆ, ಪ್ರತಿ ಸಲ ಸರಿ ಇದೆ ಅಂತ ಬರುತ್ತದೆ. ಹಾಗೆ ಬಂದ ದಿನ ಮಾತ್ರ ನನಗೆ ನೆಮ್ಮದಿ. ಮಾರನೇ ದಿನದಿಂದ ಮತ್ತೆ ಶುರು. ಮೂಗಿನಲ್ಲಿ ರಕ್ತ ಬಂದರೆ ಭಯ, ಸುಸ್ತು ಅಂದರೆ ಭಯ, ಎರಡು ದಿನ ಜ್ವರ ಇಳಿಯದಿದ್ದರೆ ನನ್ನ ಜೀವ ಬಾಯಿಗೆ ಬರುತ್ತದೆ.

ಮೊನ್ನೆ ಸ್ಕೂಲಿಂದ ಬಂದವಳ ಮೊಣಕಾಲ ಕೆಳಗೆ ನೀಲಿಗಟ್ಟಿತ್ತು. ಲಂಗ ಎತ್ತಿ ನೋಡಿದೆ. ಇನ್ನೊಂದು ಕಾಲು ನೋಡಿದೆ, ತೋಳು ತಿರುಗಿಸಿ ನೋಡಿದೆ, ಬೆನ್ನು ನೋಡಿದೆ.

"ಎಲ್ಲಿ ಬಿದ್ದೆ?"

"ಓಡುವಾಗ ಅಮ್ಮ. ಬಿಡು, ನೋವಾಗತ್ತೆ."

"ನಿಜವಾಗ್ಲೂ ಬಿದ್ಯಾ? ತಾನಾಗೇ ಆಗಿದ್ದಲ್ಲ ತಾನೇ?"

ಅವಳು ನನ್ನ ಮುಖವನ್ನೇ ನೋಡಿದಳು. "ಎಲ್ಲರ ಅಮ್ಮಂದಿರೂ ಹೀಗೆ ಹುಡುಕಿ ಹುಡುಕಿ ನೋಡ್ತಾರಾ?"

"ಹೂಂ," ಅಂದೆ. "ಎಲ್ಲರೂ ನೋಡ್ತಾರೆ."