ಡಾಂಬರಿನಡಿಯ ವಾಲ್ವ್

ಮೇಸ್ತ್ರಿಯವರ ಎಡ ಹೆಗಲು ಬಲಕ್ಕಿಂತ ಎರಡು ಬೆರಳು ತಗ್ಗಿತ್ತು. ವಾಲ್ವ್ ತಿರುಗಿಸುವ ಆಳುದ್ದದ ಕಬ್ಬಿಣದ ಕೀಲಿಯನ್ನು ವರ್ಷಗಟ್ಟಲೆ ಅದೇ ಹೆಗಲ ಮೇಲೆ ಹೊತ್ತಿದ್ದರು. ಹಾಸನದ ನಮ್ಮ ಕಾರ್ಖಾನೆಯಲ್ಲಿ ನೆಲದಡಿ ಹೂತ ಪೈಪುಗಳ ಹೊಣೆ ಅವರದು. ಹೊಳೆನರಸೀಪುರದಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಹೆಸರಿಗೆ ನಾನು ಅವರ ಮೇಲಿನ ಎಂಜಿನಿಯರ್. ಕೆಲಸ ಕಲಿಸಿದವರು ಅವರೇ.

ಹೊಸ ವಾಲ್ವ್ ಬಂದರೆ ಅದರ ಕಪ್ಪು ಲೇಪದ ಮೇಲೆ ಅಂಗೈ ಆಡಿಸುತ್ತಿದ್ದರು. ಒಂದು ಗೀರು ಸಿಕ್ಕಿದರೂ ವಾಪಸ್. "ಮಣ್ಣಿಗಾಕಿದ್ ಮ್ಯಾಲೆ ಇದ್ರ ಮಕ ನೋಡಾಕಾಯ್ತದಾ ಸಾ?" ಸ್ಟೋರ್ಸಿನವರು ನನ್ನನ್ನು ಬೈಯುತ್ತಾರೆ ಎಂದರೆ, "ಬೈಸ್ಕಳಿ ಸಾ. ಬೈದ್ರೆ ಮೈ ತೂತಾಗಕಿಲ್ಲ" ಎನ್ನುತ್ತಿದ್ದರು.

ತಿಂಗಳಿಗೊಮ್ಮೆ ವಾಲ್ವಿರುವ ಪ್ರತಿ ಗುಂಡಿಯ ಮುಚ್ಚಳ ತೆಗೆದು, ಅಗತ್ಯವಿರಲಿ ಬಿಡಲಿ, ವಾಲ್ವನ್ನು ಪೂರ್ತಿ ಮುಚ್ಚಿ ತೆರೆಯುತ್ತಿದ್ದರು. ಮೇಸ್ತ್ರಿಗಳ ಪೂಜೆ ಎಂದು ನಾವು ನಗುತ್ತಿದ್ದೆವು. "ಕೈ ಆಡ್ದಿದ್ರೆ ಕಚ್ಕಂಬುಡ್ತದೆ ಕಣ್ರಪ್ಪಾ" ಎನ್ನುತ್ತಿದ್ದರು.

ಒಮ್ಮೆ ಮಾಲೀಕರು ಬರುತ್ತಾರೆಂದು ಅಂಗಳಕ್ಕೆಲ್ಲ ಡಾಂಬರು ಹಾಕಿಸುವ ಗಡಿಬಿಡಿ. ಬಿಸಿನೀರಿನ ವಾಲ್ವಿನ ಗುಂಡಿಯನ್ನು ಹೊಸ ಮಟ್ಟಕ್ಕೆ ಎತ್ತರಿಸಬೇಕು, ಎರಡು ದಿನ ಕೊಡಿ ಎಂದು ಮೇಸ್ತ್ರಿ ಕೇಳಿದರು. "ಅವರು ಬಂದು ಹೋಗಲಿ, ಆಮೇಲೆ ನೋಡೋಣ" ಎಂದೆ. ಮುಚ್ಚಳದ ಮೇಲೇ ರೋಲರ್ ಹೋಯಿತು. ಮಾಲೀಕರು ಅಂಗಳವನ್ನು ಹೊಗಳಿದರು. ಅದನ್ನು ಒಡೆಸಲು ನನಗೆ ಮನಸ್ಸಾಗಲಿಲ್ಲ. ಮೇಸ್ತ್ರಿ ಪ್ರತಿ ತಿಂಗಳೂ ಬಂದು ಕೇಳಿದರು, ನಾನು ಮುಂದೂಡಿದೆ.

ನಾಲ್ಕನೇ ತಿಂಗಳು, ಒಂದು ಮಧ್ಯಾಹ್ನ, ಆ ಬಿಸಿನೀರಿನ ಪೈಪು ಪ್ಯಾಕಿಂಗ್ ಶೆಡ್ಡಿನೊಳಗೆ ಒಡೆಯಿತು. ಬಾಯ್ಲರ್ ಆರಿಸಿದರೂ ಟ್ಯಾಂಕಿನ ಕುದಿನೀರು ಸುರಿಯುತ್ತಲೇ ಇತ್ತು. ಒಳಗಿದ್ದ ಹೆಂಗಸರು ಮೇಜುಗಳ ಮೇಲೆ ಹತ್ತಿ ಕಿರುಚುತ್ತಿದ್ದರು. ಮೇಸ್ತ್ರಿ ಕಾಂಪೌಂಡಿನ ಮೂಲೆಯಿಂದ ಹೆಜ್ಜೆ ಎಣಿಸಿಕೊಂಡು ಬಂದು ಗುದ್ದಲಿ ಹಾಕಿದರು. ಮುಚ್ಚಳ ಸಿಕ್ಕಿತು. ವಾಲ್ವ್ ಕಚ್ಚಿಕೊಂಡಿತ್ತು, ಮೇಲಿನಿಂದ ಕೀಲಿ ತಿರುಗಲಿಲ್ಲ. ಶೆಡ್ಡಿನಿಂದ ಹರಿದುಬಂದ ಕುದಿನೀರು ಗುಂಡಿಗೆ ನುಗ್ಗುತ್ತಿದ್ದಾಗಲೇ ಸ್ಪ್ಯಾನರ್ ಹಿಡಿದು ಒಳಗಿಳಿದರು. ಮುಚ್ಚಿ ಮುಗಿಯುವವರೆಗೂ ಮೇಲೆ ಬರಲಿಲ್ಲ. ಶೆಡ್ಡಿನ ಹೆಂಗಸರೆಲ್ಲ ಉಳಿದರು. ಮೇಸ್ತ್ರಿಯ ಮೈ ಸೊಂಟದವರೆಗೂ ಬೆಂದಿತ್ತು.

ವಿಚಾರಣೆಗೆ ಬಂದ ಅಧಿಕಾರಿಯ ಜೊತೆ ನಾನೂ ಆಸ್ಪತ್ರೆಯಲ್ಲಿದ್ದೆ. "ಎಂಜಿನಿಯರ್ ಸಾಯೇಬ್ರು ಎತ್ತರ ಮಾಡ್ಸು ಅಂದಿದ್ರು ಸಾ. ನಾನೇ ಮರ್ತ್ಬುಟ್ಟೆ" ಎಂದರು ಮೇಸ್ತ್ರಿ. ನಾನು ಬಾಯಿ ತೆರೆಯಬಹುದಿತ್ತು. ಡ್ರಿಪ್ ಬಾಟಲಿ ನೋಡುತ್ತಾ ನಿಂತೆ. ಅಧಿಕಾರಿ ಹೋದ ಮೇಲೆ ಮೇಸ್ತ್ರಿ ಕಣ್ಣು ಮುಚ್ಚಿಕೊಂಡೇ ಅಂದರು: "ನಂದು ಮುಗೀತು ಸಾ. ನಿಮ್ಗಿನ್ನೂ ಸರ್ವೀಸದೆ."

ಐದನೇ ದಿನ ತೀರಿಕೊಂಡರು. ವರದಿಯಲ್ಲಿ ಮೇಸ್ತ್ರಿಯ ನಿರ್ಲಕ್ಷ್ಯ ಎಂದು ಬರೆದರು. ಅದರ ಕೆಳಗೆ ನನ್ನ ರುಜುವೂ ಇದೆ. ನನ್ನಂಥ ಬೇರೊಬ್ಬ ಹೇಡಿಯನ್ನು ನಾನು ಕಂಡಿಲ್ಲ.

ತಿಥಿ ಕಳೆದ ಮೇಲೆ ಅವರ ಹೆಂಡತಿ ಗಂಡನ ಬಟ್ಟೆ, ಊಟದ ಡಬ್ಬಿ ಒಯ್ಯಲು ಕಾರ್ಖಾನೆಗೆ ಬಂದರು. ನನ್ನ ಮೇಜಿನ ಮುಂದೆ ನಿಂತು ಕೈ ಮುಗಿದರು.

"ಅವ್ರಿಂದ ತಪ್ಪಾಗೋಯ್ತಂತೆ ಸಾ. ಮನ್ಸಿನಾಗಿಟ್ಕಬ್ಯಾಡಿ, ಕ್ಷಮಿಸ್ಬುಡಿ."

"ಇರಲಿ ಬಿಡಮ್ಮ" ಎಂದೆ.