ಹಿಮದ ದಡಕ್ಕೆ ಹೊರಟ ಅಕ್ಕ

ನನ್ನ ಅಕ್ಕ ಅನುಸೂಯಾ ಪುಣೆಯ ಭೋಸರಿಯಲ್ಲಿ ಖಾನಾವಳಿ ನಡೆಸುತ್ತಾಳೆ. ಕಾರ್ಖಾನೆಯ ಪಾಳಿ ಮುಗಿಸಿ ಬರುವ ನಮ್ಮ ಕಡೆಯ ಹುಡುಗರಿಗೆ ರೊಟ್ಟಿ ಬಡಿಯುತ್ತ ಬಡಿಯುತ್ತ ಅವಳ ತಲೆ ಬೆಳ್ಳಗಾಯಿತು. ಭಾವ ತೀರಿಕೊಂಡ ಮೇಲೆ ಅತ್ತೆ ಅವ್ವಮ್ಮನನ್ನೂ ಅವಳೇ ನೋಡಿಕೊಂಡಳು. ಪುಣೆ ಬಿಟ್ಟರೆ ಅವಳು ಕಂಡಿದ್ದು ಪಂಢರಪುರ ಮತ್ತು ನಮ್ಮ ಆಳಂದ, ಅಷ್ಟೇ. ಅಂಥವಳು ಅಂಟಾರ್ಕ್ಟಿಕಾಕ್ಕೆ ಹೊರಟಳು.

ಒಂದು ಪ್ರವಾಸ ಕಂಪನಿಯವರು ತಮ್ಮ ಗಿರಾಕಿಗಳನ್ನು ಹಡಗಿನಲ್ಲಿ ಅಲ್ಲಿಗೆ ಕರೆದೊಯ್ಯುತ್ತಾರೆ. ಪುಣೆಯವರಿಗೆ ಭೂಮಿಯ ತುದಿಗೆ ಹೋದರೂ ಭಾಕರಿ, ಅಂದರೆ ರೊಟ್ಟಿ, ಬೇಕು! ಅದಕ್ಕೇ ಅಡುಗೆಗೆ ಅಕ್ಕನನ್ನು ಕರೆದರು. ಅವಳು ಕೇಳಿದ್ದು ಒಂದೇ ಮಾತು: "ನನಗೂ ಒಮ್ಮಿ ಆ ಬರ್ಫದ ಮ್ಯಾಲ ಇಳಸ್ತೀರೇನ್ರಿ?"

ಇಳಿಸುತ್ತೇವೆ ಎಂದರು. ಆದರೆ ದಡಕ್ಕೆ ಇಳಿಯುವಾಗ ಹಾಕಿಕೊಳ್ಳುವ ಬಟ್ಟೆ, ಬೂಟುಗಳಲ್ಲಿ ಒಂದು ಬೀಜ, ಒಂದು ಕಾಳು, ಚೂರು ಮಣ್ಣೂ ಇರಬಾರದಂತೆ. ಪರದೇಶದ ಬೀಜ ಅಲ್ಲಿ ಬೀಳಬಾರದು ಎಂಬ ನಿಯಮ. ತಪಾಸಣೆಯಲ್ಲಿ ಸಿಕ್ಕಿದರೆ ಹಡಗಿನಲ್ಲೇ ಕುಳಿತು ದೂರದಿಂದ ನೋಡಬೇಕು.

ಕಾಳುಕಡಿಯ ನಡುವೆಯೇ ಬದುಕುವ ಮನೆಯಲ್ಲಿ ಇದೆಂಥ ಪೀಡೆ! ನಾನು ಪುಣೆಯ ಇನ್ನೊಂದು ತುದಿಯ ಬಿಬವೇವಾಡಿಯಿಂದ ಬಂದು, ಧೂಳು ಎಳೆಯುವ ಯಂತ್ರ ಎರವಲು ತಂದು, ಕಂಪನಿ ಕೊಟ್ಟ ಕೆಂಪು ಜಾಕೀಟಿನ ಹೊಲಿಗೆ ಹೊಲಿಗೆಯನ್ನೂ ಸ್ವಚ್ಛ ಮಾಡಿದೆ. ಅಕ್ಕ ಬೂಟಿನ ಅಟ್ಟೆಯನ್ನು ಸೂಜಿಯಿಂದ ಕೆದರಿದಳು. ಎಲ್ಲವನ್ನೂ ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆವು.

ಕಟ್ಟಿದ್ದೇ ತಡ, ಬೀಳ್ಕೊಡಲು ಜನ ಬಂತು. ಒಬ್ಬರು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಂದರು, ಇನ್ನೊಬ್ಬರು ಶೇಂಗಾ ಹಿಂಡಿ ಚಟ್ನಿ. "ಚೀಲದ ಹತ್ರ ಬರಬ್ಯಾಡ್ರಿ" ಎಂದು ಕೂಗಿ ಕೂಗಿ ನನ್ನ ಗಂಟಲು ಹರಿಯಿತು. ಅವ್ವಮ್ಮ ಮೂಲೆಯಲ್ಲಿ ಕುಳಿತು ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಅಲ್ಲಿ ಯಾವ ದೇವರ ಗುಡಿ ಅದ?" ಯಾವುದೂ ಇಲ್ಲ ಎಂದು ಅಕ್ಕ ಹೇಳಿದಷ್ಟು ಸಲವೂ, "ಮತ್ತ ಯಾಕ ಹೊಂಟೀದಿ?" ಎನ್ನುವಳು. ಆಳಂದದಿಂದ ಬಂದಿದ್ದ ನಮ್ಮವ್ವ ನಾಗವ್ವ ಬಾಗಿಲ ಹತ್ತಿರ ಚೀಲ ಕಾಯುತ್ತ ಕುಳಿತಿದ್ದಳು.

ಮುಂಬಯಿಗೆ ಹೋಗುವ ಗಾಡಿ ಬಂದು ಹಾರ್ನ್ ಹೊಡೆಯಿತು. ಕೊನೆಯದಾಗಿ ನೋಡೋಣವೆಂದು ಚೀಲ ಬಿಚ್ಚಿ ಜಾಕೀಟು ಎತ್ತಿದೆ. ಜೇಬಿನಿಂದ ಅಕ್ಕಿ ಸುರಿಯಿತು. ಹಿಂದೆಯೇ ಅರಿಶಿನ ಬೇರು, ಅಡಿಕೆ, ಉತ್ತತ್ತಿ.

"ಯಾರು ಹಾಕಿದ್ದು?" ಅಕ್ಕ ಚೀರಿದಳು. "ನಾನು ಇಳಿಯೋದು ಯಾರ ಕಣ್ಣಿಗೆ ಚುಚ್ಚಾಕತ್ತದ?"

ನಮ್ಮವ್ವ ಬಾಗಿಲ ಹತ್ತಿರದಿಂದ ಎದ್ದು ಬಂದಳು.

"ನಾನೇ ಹಾಕೀನಿ. ಇಷ್ಟು ದೂರ ಹೊಂಟ ಮಗಳ್ನ ಬರೇ ಉಡೀಲೆ ಹ್ಯಾಂಗ ಕಳಿಸಲಿ? ಗಂಡ ಹೋದ ಮ್ಯಾಲ ನಿನ್ನ ಉಡಿ ಎಲ್ಲರ ಮುಂದ ತುಂಬಾಕ ಬರ್ತದೇನ್? ಅದಕ್ಕ ಕಿಸೆದಾಗ ಇಟ್ಟೆ."

ಪ್ರತಿ ನಾಗರಪಂಚಮಿಗೂ ಅವ್ವ ನನ್ನ ಸೆರಗಿಗೆ ಅಕ್ಕಿ, ಅಡಿಕೆ ಹಾಕಿ ಉಡಿ ತುಂಬುವಾಗ ಅಕ್ಕ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ತೊಳೆಯಲು ಪಾತ್ರೆ ಇರಲಿ ಇಲ್ಲದಿರಲಿ.

ಅಕ್ಕ ಚೆಲ್ಲಿದ ಅಕ್ಕಿಯನ್ನು ನೋಡಿದಳು. ಆಮೇಲೆ ಜಾಕೀಟನ್ನು ನನ್ನ ಕೈಗೆ ತುರುಕಿ, ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಅವ್ವನ ಮುಂದೆ ಒಡ್ಡಿದಳು.

"ಯವ್ವಾ, ಅದು ಜಾಕೀಟು. ನನ್ನ ಉಡಿ ಇಲ್ಲಿ ಅದ. ತುಂಬು."

ಅವ್ವನ ಕೈ ಮೇಲೇಳಲಿಲ್ಲ. ಅಕ್ಕನ ಅತ್ತೆ ಏನನ್ನುವಳೋ ಎಂದು ಅವಳು ಮೂಲೆಯ ಕಡೆ ನೋಡಿದಳು. ನಾವೆಲ್ಲರೂ ಅತ್ತಲೇ ನೋಡಿದೆವು. ಅವ್ವಮ್ಮ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ, ಇವರಿಗೇನಾಗಿದೆ ಎಂಬಂತೆ ನಮ್ಮನ್ನು ನೋಡಿದಳು.

"ಗಾಡಿ ಬಂದು ನಿಂತದ. ಲಗೂ ತುಂಬ್ರಿ ಮತ್ತ!"

ಅವ್ವ ಅಳುತ್ತಾ ತುಂಬಿದಳು. ಅಕ್ಕ ಅಳಲಿಲ್ಲ, ತುಂಬಿದ್ದನ್ನು ಗಂಟು ಕಟ್ಟಿ ಅವ್ವಮ್ಮನ ಮಡಿಲಿಗಿಟ್ಟು, "ತೆಗೆದಿಡ್ರಿ ಅತ್ತಿ, ಬಂದು ಅನ್ನ ಮಾಡ್ಕೊಂಡು ಉಣ್ತೀನಿ" ಎಂದಳು. ನಾನು ಯಂತ್ರ ಹಚ್ಚಿ ಮತ್ತೆ ಜಾಕೀಟಿನ ಜೇಬು ಸ್ವಚ್ಛ ಮಾಡತೊಡಗಿದೆ. ಇಷ್ಟು ವರ್ಷ ನಾವು ಹೆದರಿದ್ದಾದರೂ ಯಾರಿಗೆ?