ಮಾಸ್ತರರ ಗೊರಕೆ

ಮೊನ್ನೆ ಇಂಡಿ ಸಂತೆಯಲ್ಲಿ ಅತ್ತರು ಮಾರುವವನೊಬ್ಬ, ಬೇಡವೆಂದರೂ ಕೇಳದೆ, ನನ್ನ ಮುಂಗೈಗೆ ಲಾವಂಚದ ಖಸ್ ಅತ್ತರು ತೀಡಿಬಿಟ್ಟ. ಮೂಗಿಗೆ ಹಿಡಿದೆ, ಸಿಟ್ಟು ನೆತ್ತಿಗೇರಿತು. ಅವನ ಮೇಲಲ್ಲ, ಪಾಪ. ನಮ್ಮ ಮಾಸ್ತರರ ಬಲಗಿವಿಯ ಮಡಿಕೆಯಲ್ಲಿ ಸದಾ ಒಂದು ಅರಳೆಯುಂಡೆ ಇರುತ್ತಿತ್ತು. ಅದರದೂ ಇದೇ ವಾಸನೆ. ಜೊತೆಗೆ ಚೂರು ಸೀಮೆಸುಣ್ಣದ ಪುಡಿ ಸೇರಿದ್ದರೆ ಅವರೇ ಬಂದು ಪಕ್ಕದಲ್ಲಿ ನಿಂತಂತೆ...

ಆಗ ನನಗೆ ಇಪ್ಪತ್ತು. ಇಬ್ಬರೇ ಮಾಸ್ತರರಿದ್ದ ಹಳ್ಳಿಯ ಸಾಲೆಯಲ್ಲಿ ಅವರು ಹಿರಿಯರು, ನಾನು ಮೀಸೆ ಸರಿಯಾಗಿ ಬಾರದ ಕಿರಿಯ. ಸಿಂದಗಿ, ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ, ಕೊನೆಗೆ ತಮ್ಮೂರಿಗೇ ಬಂದಿದ್ದರು. ಮೂವರು ಹೆಣ್ಣುಮಕ್ಕಳು. "ಸಾಹೇಬ್ರ, ಹೆಣ್ಣಿಗ್ಯಾಕ ಸಾಲಿ?" ಎಂದು ಊರು ಕೇಳುತ್ತಿದ್ದಾಗ ಮೂವರಿಗೂ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಕಟ್ಟಿಸಿದವರು. ಹೆಂಡತಿಗೆ ಲಕವಾ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ಮಧ್ಯಾಹ್ನದ ಸೂಟಿಯ ಗಂಟೆ ಬಾರಿಸಿದ ಕೂಡಲೇ ಮನೆಗೆ ಓಡುತ್ತಿದ್ದರು. ಅಂಬಲಿ ಕುಡಿಸಿ, ಬಾಯಿ ಒರೆಸಿ, ಮಗ್ಗುಲು ಹೊರಳಿಸಿ ಬರಬೇಕು. ಆಕೆ ಬೇರೆ ಯಾರ ಕೈಯಲ್ಲೂ ಉಣ್ಣುತ್ತಿರಲಿಲ್ಲ. ಪೆನ್ಶನ್ನಿಗೆ ಎರಡು ವರ್ಷ ಉಳಿದಿತ್ತು. ಆ ಎರಡು ವರ್ಷ ಊರಲ್ಲೇ ಕಳೆಯಲೆಂಬುದೊಂದೇ ಅವರ ದುವಾ.

ಸಂಜೆ ನಾಲ್ಕೂವರೆಗೆ ಅಸರ್ ನಮಾಜು. ಸಾಲೆಯ ಹಿಂದಿನ ಬೇವಿನ ಮರದಡಿ ಹತ್ತು ನಿಮಿಷ. ಆ ಹತ್ತಕ್ಕೆ ಬದಲು ದಿನವೂ ಬೆಳಿಗ್ಗೆ ಅರ್ಧ ತಾಸು ಮೊದಲೇ ಬಂದು ದಡ್ಡ ಹುಡುಗರನ್ನು ಕೂರಿಸಿಕೊಳ್ಳುತ್ತಿದ್ದರು. "ಸರಕಾರದ ಹೊತ್ತು ಕದ್ದು ದೇವರ ಮುಂದ ನಿಂತ್ರ, ದೇವರು ಏನ ಅಂದಾನು ತಮ್ಮಾ?" ಅವರು ನಮಾಜಿನಲ್ಲಿದ್ದಾಗ ಹುಡುಗರು ಒಳಗೆ ಗಂಟಲು ಹರಿಯುವಂತೆ ಮಗ್ಗಿ ಹೇಳಬೇಕು. ಚಾಪೆ ಮಡಚುತ್ತಲೇ ಕೂಗು: "ಹದಿನೇಳೇಳ್ಲೆ ತಪ್ಪಿದಾಂವ ಯಾರಲೇ?"

"ಕಿವಿ ದೇವರ ಕಡೆ ಇತ್ತೋ, ಮಗ್ಗಿ ಕಡೆ ಇತ್ತೋ ಮಾಸ್ತರ್ರ?" ಎಂದು ನಾನು ಕೆಣಕಿದರೆ, "ಎರಡು ಕಿವಿ ಸುಮ್ಮನ ಕೊಟ್ಟಾನೇನು?" ಎನ್ನುತ್ತಿದ್ದರು.

ನನಗೆ ಎಲ್ಲರ ಅಣಕು ಮಾಡುವ ಚಟ. ಕುಲಕರ್ಣಿಯ ಕೆಮ್ಮು, ಸಾಲಿ ಕಮಿಟಿಯ ಚೇರಮನ್ನರ ನಡಿಗೆ, ಕನ್ಯೆ ನೋಡಲು ಹೋಗಿ ತೊದಲಿದ ನನ್ನದೇ ಪಜೀತಿ... ಸಂಜೆ ಚಹಾದಂಗಡಿಯಲ್ಲಿ ಇದೇ ಆಟ. ಮಾಸ್ತರರದಂತೂ ಹುಬೇಹೂಬು. ಟಾವೆಲ್ಲು ಹಾಸಿ ಬಾಗುತ್ತಿದ್ದೆ. ಆದರೆ ಬರೀ ಬಾಗಿದರೆ ಮಂದಿ ನಗುವುದಿಲ್ಲ. ಹಾಗಾಗಿ ನೆಲಕ್ಕೆ ಹಣೆ ಹಚ್ಚಿದಲ್ಲೇ ಒಂದು ಗೊರಕೆ ಸೇರಿಸಿದೆ. ಗೊರಕೆ ಹೊಡೆದು, ದಡಕ್ಕನೆ ಎದ್ದು, "ಹದಿನೇಳೇಳ್ಲೆ?"

ಮಾಸ್ತರರು ಎಂದೂ ಹಾಗೆ ಮಲಗಿದವರಲ್ಲ. ಗೊರಕೆ ನನ್ನ ಸ್ವಂತ ಸರಕು.

ಚೇರಮನ್ನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೇ ತಮ್ಮಾ, ಇನ್ನೊಮ್ಮೆ ಗೊರಕಿ ಹೊಡಿಯೋ!" ಎಂದು ಮಿರ್ಚಿ ಭಜಿ ತರಿಸಿದರು. ಮಾಸ್ತರರ ಜಾಗಕ್ಕೆ ತಮ್ಮ ಹೆಂಡತಿಯ ತಮ್ಮನನ್ನು ತರಿಸಲು ಅವರು ಓಡಾಡುತ್ತಿದ್ದುದು ಊರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಭಜಿ ಬಿಸಿಯಾಗಿತ್ತು, ತಿಂದೆ.

ತಿಂಗಳೊಪ್ಪತ್ತಿನಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. ಮಧ್ಯಾಹ್ನ ಮಾಸ್ತರರು ಅಂಬಲಿ ಕುಡಿಸಲು ಮನೆಗೆ ಹೋದ ಹೊತ್ತು ನೋಡಿ ಚೇರಮನ್ನರು ಸುರುಮಾಡಿದರು: "ನಮಾಜಿನ ಹೆಸರಲೆ ಸಾಲ್ಯಾಗ ಮಲಗತಾರ್ರಿ ಸಾಹೇಬ್ರ. ನಾ ಹೇಳೂದು ಬ್ಯಾಡ, ಜೋಡಿ ಇದ್ದಾಂವನ್ನ ಕೇಳ್ರಿ. ಲೇ, ಮಾಡಿ ತೋರಸಲೇ ತಮ್ಮಾ!"

ಸುಳ್ಳ ಐತ್ರಿ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಸಾಹೇಬರು ಕುರ್ಚಿ ಹಿಂದಕ್ಕೆ ಸರಿಸಿ ಆರಾಮಾಗಿ ಕುಳಿತಿದ್ದರು. ಜವಾನ ಆಗಲೇ ಹಲ್ಲು ಕಿಸಿದಿದ್ದ. ನಾಲ್ಕು ಮಂದಿ ನಗಲು ತಯಾರಾಗಿ ಕುಳಿತರೆ ನನ್ನ ಮೈ ನನ್ನ ಮಾತು ಕೇಳುವುದಿಲ್ಲ. ಟಾವೆಲ್ಲು ಹಾಸಿದೆ. ಗೊರಕೆ ಅಂದು ಎಂದಿಗಿಂತ ಚೆನ್ನಾಗಿ ಬಂತು. ಸಾಹೇಬರು ನಕ್ಕು, ಕಣ್ಣೊರೆಸಿಕೊಂಡು, ಮೂಗಿಗೆ ಚಾಳೀಸು ಏರಿಸಿ, ಕಾಗದ ಎಳೆದುಕೊಂಡರು.

"ಖರೇ ಏನ್ರಿ ಇದು?"

"ಹೌದ್ರಿ ಸಾಹೇಬ್ರ."

ಮಾಸ್ತರರಿಗೆ ವರ್ಗದ ಹುಕುಂ ಬಂತು. ಮುದ್ದೇಬಿಹಾಳ ತಾಲೂಕಿನ ಕಟ್ಟಕಡೆಯ ಹಳ್ಳಿ. ಹೆಂಡತಿಯನ್ನು ಅಷ್ಟು ದೂರ ಸಾಗಿಸುವಂತಿರಲಿಲ್ಲ. ಹಿರಿಯ ಮಗಳ ಹತ್ತಿರ ಬಿಟ್ಟು, ಶನಿವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಬಂದು ಅಂಬಲಿ ಕುಡಿಸುತ್ತಿದ್ದರು. ಉಳಿದ ದಿನ ಆಕೆ ಬಾಯಿ ಬಿಗಿಹಿಡಿಯುತ್ತಿದ್ದಳಂತೆ. ಆಕೆ ಹೋದದ್ದು ಒಂದು ಮಂಗಳವಾರ. ಸುದ್ದಿ ಮುಟ್ಟಿ ಮಾಸ್ತರರು ಊರು ಸೇರುವ ಹೊತ್ತಿಗೆ ಮಣ್ಣು ಮುಗಿದಿತ್ತು.

ಮುಂದೆ ಯಾವಾಗಲೋ ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಕಾಲು ಹಿಡಿಯಲು ಬಾಗಿದೆ. ತಡೆದು, ನಕ್ಕರು. "ಗೊರಕಿ ಭಾಳ ಛಲೋ ಹೊಡೀತಿದ್ಯಂತಲ್ಲೋ ತಮ್ಮಾ! ನನ್ನ ಹೇಣ್ತಿನೂ ಹಂಗ ಅಂತಿದ್ಲು, ರಾತ್ರಿ ನಿಮ್ಮ ಗೊರಕಿಗೆ ನಿದ್ದಿ ಇಲ್ಲಾ ಅಂತ..." ಅಷ್ಟೆಂದು ಬೇರೆ ಕಡೆ ನೋಡಿದರು. ಒಂದು ಕಪಾಳಕ್ಕೆ ಬಿಗಿಯಬಾರದಿತ್ತೇ? ಆ ನಗು ಇವತ್ತಿಗೂ ನನಗೆ ತಡೆಯದ ಸಿಟ್ಟು ತರಿಸುತ್ತದೆ.

ಹೋದ ತಿಂಗಳು ತೀರಿಕೊಂಡರು. ಎಪ್ಪತ್ತು ದಾಟಿತ್ತು. ಅದೇ ಸಾಲೆಯಲ್ಲಿ ಶೋಕಸಭೆ. ಫೋಟೋಕ್ಕೆ ಹಾರ ಹಾಕಿದವರು ಅದೇ ಚೇರಮನ್ನರು! "ಅಂಥಾ ದೈವಭಕ್ತ, ಅಂಥಾ ಶಿಸ್ತಿನ ಮನಷ್ಯಾ ಇನ್ನ ಹುಟ್ಟೂದಿಲ್ಲ" ಎಂದು ಗದ್ಗದಿತರಾಗಿ, ನನ್ನತ್ತ ತಿರುಗಿದರು: "ತಮ್ಮಾ, ಮಾಸ್ತರ್ರ ಧ್ವನಿ ಒಮ್ಮೆ ತಗೀಪಾ, ಮಂದಿ ಕೇಳ್ಲಿ."

ಎದ್ದೆ. ಮಾಸ್ತರರ ಧ್ವನಿ ತೆಗೆಯಲಿಲ್ಲ. ಚೇರಮನ್ನರದು ತೆಗೆದೆ. "ಲೇ ತಮ್ಮಾ, ಇನ್ನೊಮ್ಮೆ ಗೊರಕಿ ಹೊಡಿಯೋ! ನಮಾಜಿನ ಹೆಸರಲೆ ಸಾಲ್ಯಾಗ ಮಲಗತಾರ್ರಿ ಸಾಹೇಬ್ರ!" ಒಂದಕ್ಷರ ಬಿಡದೆ ಹೇಳಿದೆ. ಆಮೇಲೆ ಇನ್ಸ್‌ಪೆಕ್ಟರರದು: "ಖರೇ ಏನ್ರಿ ಇದು?" ಮೂರನೆಯದಕ್ಕೆ ಅಣಕು ಬೇಕಿರಲಿಲ್ಲ, ನನ್ನದೇ ಗಂಟಲು: "ಹೌದ್ರಿ ಸಾಹೇಬ್ರ." ಮುಂದಿನ ಸಾಲಿನಲ್ಲಿ ಮೂವರು ಹೆಣ್ಣುಮಕ್ಕಳು ಕುಳಿತಿದ್ದರು. ಹಿರಿಯಾಕೆ ಚೇರಮನ್ನರನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

"ಖರೇ ಖಸ್ ಐತ್ರಿ ಇದು, ಹೌದಲ್ರಿ?" ಅತ್ತರಿನವ ಇನ್ನೂ ಕಾಯುತ್ತಿದ್ದ.

ಹೌದ್ರಿ ಎನ್ನಲು ಬಾಯಿ ತೆರೆದೆ. ಮುಚ್ಚಿದೆ. ಹೌದೆಂಬಂತೆ ತಲೆಯಾಡಿಸಿ, ಒಂದು ಸಣ್ಣ ಶೀಶೆ ಕೊಂಡು ನಡೆದೆ.